ಹಸುವಿನ ಬೆದೆ: ಹಾರ್ಮೋನುಗಳ ಕೆಲಸ, ರೈತರ ಗಮನ

ಹಸು ಸುಮಾರು ವರ್ಷಕ್ಕೊಂದು ಕರು ಹಾಕಿದರೆ ಹೈನುಗಾರಿಕೆ ಲಾಭದಾಯಕ. ಒಂದು ಬೆದೆ ಕೈತಪ್ಪಿದರೆ ಮೂರು ವಾರ ಕಾಯಬೇಕು. ಅಷ್ಟು ದಿನಗಳ ಮೇವು, ಹಿಂಡಿಯ ಖರ್ಚು ಮೈಮೇಲೆ ಬೀಳುತ್ತದೆ. ಆದ್ದರಿಂದ ಬೆದೆ ಹೇಗೆ ಬರುತ್ತದೆಂಬುದನ್ನು ರೈತರು ಅರಿತಿರಬೇಕು.

ಬೆದೆ ಬರುವ ಬಗೆ

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳು ಅಂಡಾಶಯದಲ್ಲಿ ಅಂಡಕೋಶವನ್ನು ಬೆಳೆಸುತ್ತವೆ. ಬೆಳೆದ ಅಂಡಕೋಶದಿಂದ ಈಸ್ಟ್ರೋಜನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಹಸು ಚಡಪಡಿಸುವುದು, ಕೂಗುವುದು, ಲೋಳೆ ಸುರಿಸುವುದು ಇದರ ಪ್ರಭಾವದಿಂದಲೇ. ಅಂಡಾಣು ಹೊರಬಿದ್ದ ಜಾಗದಲ್ಲಿ ಹಳದಿ ಪಿಂಡ ಬೆಳೆದು ಪ್ರೊಜೆಸ್ಟರಾನ್ ಹಾರ್ಮೋನನ್ನು ಉತ್ಪಾದಿಸುತ್ತದೆ. ಅದು ಗಬ್ಬವನ್ನು ಕಾಪಾಡುತ್ತದೆ, ಮುಂದಿನ ಬೆದೆಯನ್ನು ತಡೆಯುತ್ತದೆ. ಗಬ್ಬ ನಿಲ್ಲದಿದ್ದರೆ ಸುಮಾರು 16-17ನೇ ದಿನ ಗರ್ಭಕೋಶದಿಂದ ಹೊರಡುವ ಪ್ರೊಸ್ಟಗ್ಲಾಂಡಿನ್ ಹಳದಿ ಪಿಂಡವನ್ನು ಕರಗಿಸುತ್ತದೆ. ಹೀಗಾಗಿ 18ರಿಂದ 24 ದಿನಗಳೊಳಗೆ, ಸರಾಸರಿ 21 ದಿನಕ್ಕೆ, ಹಸು ಮತ್ತೆ ಬೆದೆಗೆ ಬರುತ್ತದೆ.

ಲಕ್ಷಣಗಳು

1. ಇತರ ದನಗಳು ಮೇಲೇರಿದಾಗ ಕದಲದೆ ನಿಲ್ಲುವುದು. ಇದೇ ನಿಜವಾದ ಗುರುತು.
2. ಯೋನಿದ್ವಾರ ಊದಿಕೊಂಡು, ಗಾಜಿನಂತೆ ತಿಳಿಯಾದ ಲೋಳೆ ಎಳೆಯೆಳೆಯಾಗಿ ಇಳಿಯುವುದು.
3. ಮೇವು, ಹಾಲು ಕಡಮೆಯಾಗುವುದು. ಪದೇ ಪದೇ ಮೂತ್ರ ಮಾಡುವುದು.

ಬೆದೆ ಮುಗಿದು ಒಂದೆರಡು ದಿನಕ್ಕೆ ಲೋಳೆಯಲ್ಲಿ ರಕ್ತ ಕಂಡರೆ ಆ ಬೆದೆ ಕಳೆದುಹೋಯಿತೆಂದು ತಿಳಿಯಿರಿ. ಆ ದಿನವನ್ನು ಬರೆದಿಟ್ಟು, ಸುಮಾರು 18 ದಿನಗಳ ನಂತರ ಮುಂದಿನ ಬೆದೆಗಾಗಿ ಕಾದು ನೋಡಿರಿ. ಎಮ್ಮೆಗಳಲ್ಲಿ ಲಕ್ಷಣಗಳು ಮಂದ. ಬೇಸಿಗೆಯಲ್ಲಂತೂ ಮೂಕ ಬೆದೆ ಹೆಚ್ಚು. ರಾತ್ರಿ ಮತ್ತು ಬೆಳಗಿನ ಜಾವ ಅವುಗಳನ್ನು ಗಮನಿಸುವುದು ಒಳ್ಳೆಯದು.

ಗರ್ಭಧಾರಣೆಯ ವೇಳೆ

ಬೆದೆ ಸಾಮಾನ್ಯವಾಗಿ 12ರಿಂದ 18 ಗಂಟೆ ಇರುತ್ತದೆ. ಅದು ಮುಗಿದ 10-12 ಗಂಟೆಗಳ ನಂತರ ಅಂಡಾಣು ಹೊರಬೀಳುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮಾರನೆಯ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿರಿ. ಕರು ಹಾಕಿದ 60 ದಿನಗಳ ನಂತರ ಬಂದ ಬೆದೆಯನ್ನು ಬಳಸಿಕೊಳ್ಳುವುದು ಸೂಕ್ತ.

ಚುಚ್ಚುಮದ್ದಿನ ಬಗ್ಗೆ ಎಚ್ಚರಿಕೆ

ಬೆದೆಗೆ ಬಾರದ ಹಸುವಿಗೆ ಕೂಡಲೇ ಚುಚ್ಚುಮದ್ದು ಕೊಡಿಸಬೇಕೆಂದು ಅನೇಕರು ಕೇಳುತ್ತಾರೆ. ಪ್ರೊಸ್ಟಗ್ಲಾಂಡಿನ್ ಚುಚ್ಚುಮದ್ದು ಹಳದಿ ಪಿಂಡವಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ಹಸು ಗಬ್ಬವಾಗಿದ್ದರೆ ಅದೇ ಮದ್ದಿನಿಂದ ಗಬ್ಬ ಕಳಚಿ ಹೋಗಬಹುದು. ಗಬ್ಬವಾದ ಹಸುವೂ ಬೆದೆಗೆ ಬರುವುದಿಲ್ಲ ಎಂಬುದನ್ನು ಮರೆಯಬಾರದು. ಆದುದರಿಂದ ಮೊದಲು ಪಶುವೈದ್ಯರಿಂದ ಪರೀಕ್ಷೆ, ನಂತರವೇ ಮದ್ದು. ಬಡಕಲಾದ ಹಸುವಿಗೆ ಮೊದಲು ಬೇಕಾದುದು ಹಸಿರು ಮೇವು, ಹಿಂಡಿ ಮತ್ತು ಖನಿಜ ಮಿಶ್ರಣ. ಮೈ ತುಂಬದೆ ಅಂಡಾಶಯ ಚುರುಕಾಗದು.

ದಿನಕ್ಕೆ ಎರಡು ಬಾರಿ, ಬೆಳಿಗ್ಗೆ ಮತ್ತು ಸಂಜೆ, ಅರ್ಧ ಗಂಟೆ ದನಗಳನ್ನು ಗಮನಿಸಿರಿ. ಬೆದೆ ಬಂದ ದಿನ, ಗರ್ಭಧಾರಣೆ ಮಾಡಿಸಿದ ದಿನಗಳನ್ನು ಕೊಟ್ಟಿಗೆಯ ಗೋಡೆಯ ಮೇಲಾದರೂ ಬರೆದಿಡಿರಿ. ಗರ್ಭಧಾರಣೆಯಾದ ಎರಡು ಮೂರು ತಿಂಗಳಿಗೆ ಗಬ್ಬ ಪರೀಕ್ಷೆ ಮಾಡಿಸಿರಿ. ಇದಕ್ಕೆ ತಗಲುವ ಶ್ರಮ ಅಲ್ಪ, ದೊರೆಯುವ ಫಲ ಹೆಚ್ಚು.