ಕಪ್ಪು ಪ್ಲಗ್ಗು ಹೇಳಿದ ಲೆಕ್ಕ

ಟ್ಯಾಂಕ್ ತುಂಬಿಸಿದಾಗಲೆಲ್ಲ ಓಡಿದ ಕಿಲೋಮೀಟರು, ಹಾಕಿಸಿದ ಲೀಟರು ಎರಡನ್ನೂ ಡೈರಿಯಲ್ಲಿ ಬರೆದಿಡುವುದು ನನ್ನ ಹಳೇ ಅಭ್ಯಾಸ. ಕಾರು 2006ರ ಮಾರುತಿ 800. ಮಂಡ್ಯದ ಮನೆ, ಮದ್ದೂರು ತಾಲ್ಲೂಕಿನ ಕಬ್ಬಿನ ಗದ್ದೆ, ಮಳವಳ್ಳಿಯಲ್ಲಿರುವ ಮಗಳ ಮನೆ, ಈ ಮೂರರ ನಡುವೆ ತಿಂಗಳಿಗೆ ಸುಮಾರು 700 ಕಿಲೋಮೀಟರ್ ಓಡುತ್ತದೆ. ಒಂದು ಕಾಲಕ್ಕೆ ಲೀಟರಿಗೆ 18 ಕೊಡುತ್ತಿದ್ದದ್ದು ಹಿಂದಿನ ವರ್ಷ ಮೇ ತಿಂಗಳಲ್ಲಿ 16ಕ್ಕೆ ಬಂತು, ದೀಪಾವಳಿಗೆ 15, ಸಂಕ್ರಾಂತಿಗೆ 14. ಮೊದಲು 39 ಲೀಟರಿಗೆ ಮುಗಿಯುತ್ತಿದ್ದ ತಿಂಗಳಿಗೆ ಆಗ 50 ಲೀಟರ್ ಬೇಕಾಯಿತು. ಆಗಿನ ಬೆಲೆ ಲೀಟರಿಗೆ 103 ರೂಪಾಯಿಯಂತೆ ತಿಂಗಳಿಗೆ 1,100 ರೂಪಾಯಿಗೂ ಹೆಚ್ಚು ನಷ್ಟ.

ಮದ್ದೂರಿನ ಹೋಟೆಲಿನಲ್ಲಿ ವಡೆ ತಿನ್ನುತ್ತ ಈ ಮಾತೆತ್ತಿದರೆ ಎಲ್ಲರದೂ ಒಂದೇ ಉತ್ತರ: ಪೆಟ್ರೋಲಿಗೆ ಎಥೆನಾಲ್ ಬೆರೆಸಿದ್ದರ ಫಲ. ಕಬ್ಬು ಬೆಳೆಯುವವನಾಗಿ ನನಗೆ ಈ ಮಾತು ಚುಚ್ಚಿತು. ಎಥೆನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ, ಅದು ನಿಜ. ಹಳೇ ಕಾರುಗಳಿಗೆ ಶೇ 20ರ ಮಿಶ್ರಣ ಹಾಕಿದರೆ ಮೈಲೇಜು ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಆ ಲೆಕ್ಕಕ್ಕೆ 18 ಇದ್ದದ್ದು 16.8ರ ಆಸುಪಾಸಿಗೆ ಇಳಿಯಬೇಕು. ಉಳಿದದ್ದು ಎಲ್ಲಿ ಹೋಯಿತು?

ಎಮಿಷನ್ ಟೆಸ್ಟ್ ಮಾಡಿಸಿದೆ. ಕಾರ್ಬನ್ ಮಾನಾಕ್ಸೈಡ್ ಶೇ 0.5 ಮೀರಬಾರದು, ನನ್ನ ಚೀಟಿಯಲ್ಲಿ ಶೇ 2ರ ಮೇಲಿತ್ತು. ಪೆಟ್ರೋಲ್ ಹೆಚ್ಚಾಗಿ ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವ ಅನಿಲ ಅದು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಆಲೆಮನೆ ಒಲೆಯ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಸಲಕ್ಕೆ ಕಬ್ಬಿನ ರಚ್ಚು ತುರುಕಿದರೆ ಉರಿ ಕುಗ್ಗಿ ಕರೀ ಹೊಗೆ ಏಳುತ್ತದೆ, ಪಾಕವೂ ಬೇಗ ಬರುವುದಿಲ್ಲ. ಎಥೆನಾಲ್ ಇದಕ್ಕೆ ಕಾರಣವಾಗಲಾರದು. ಅದರೊಳಗೇ ಆಮ್ಲಜನಕ ಇರುವುದರಿಂದ ಅದು ಬೆರೆತರೆ ಮಿಶ್ರಣ ತೆಳುವಾಗುತ್ತದೆಯೇ ಹೊರತು ದಪ್ಪವಾಗುವುದಿಲ್ಲ.

ಮಂಡ್ಯದ ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಿಸಿದರು, 450 ರೂಪಾಯಿ. ಇಂಜೆಕ್ಟರ್ ಕ್ಲೀನ್ ಮಾಡಿದರು, 900. ಆಮೇಲೆ ಆಕ್ಸಿಜನ್ ಸೆನ್ಸರ್, 3,800. ಹದಿನೈದು ದಿನಕ್ಕೆ ಹೊಸ ಪ್ಲಗ್ಗುಗಳೂ ಮಸಿ ಹಿಡಿದವು.

ಮಳವಳ್ಳಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಯಾವ ಸಾಮಾನನ್ನೂ ತರಿಸಲಿಲ್ಲ. ಮೊದಲು ಮೂರೂ ಪ್ಲಗ್ ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಸರಿಯಾಗಿ ಉರಿಯುವ ಇಂಜಿನ್ನಿನ ಪ್ಲಗ್ ತುದಿ ಅಚ್ಚು ಬೆಲ್ಲದಂಥ ತಿಳಿಗಂದು ಇರುತ್ತದೆ. ಒಂದೇ ಪ್ಲಗ್ ಕಪ್ಪಾಗಿದ್ದರೆ ಆ ಸಿಲಿಂಡರಿನ ಇಂಜೆಕ್ಟರನ್ನೋ ಕಿಡಿಯನ್ನೋ ಅನುಮಾನಿಸಬೇಕು. ನನ್ನವು ಮೂರೂ ಒಂದೇ ಸಮ ಕಪ್ಪು. ಅಂದರೆ ತೊಂದರೆ ಮೂರಕ್ಕೂ ಸೇರಿದ್ದು: ಗಾಳಿ, ಪೆಟ್ರೋಲಿನ ಒತ್ತಡ, ಇಲ್ಲವೇ ಇಂಜಿನ್ನಿನ ಬಿಸಿ. ಏರ್ ಫಿಲ್ಟರ್ ಶುಚಿಯಾಗಿತ್ತು. ಡಿಪ್‌ಸ್ಟಿಕ್ ಮೂಸಿದರು, ಆಯಿಲಿನಲ್ಲಿ ಪೆಟ್ರೋಲ್ ವಾಸನೆ. ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಪೈಪು ಹಿಡಿದು ನಿಂತರು. ಅದು ಮೊದಲು ತಣ್ಣಗೇ ಇದ್ದು, ಆಮೇಲೆ ಒಮ್ಮೆಗೇ ಬಿಸಿಯಾಗಬೇಕು. ನಮ್ಮದು ಮೊದಲಿನಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತ ಹೋಯಿತು.

‘ಮೇಷ್ಟ್ರೇ, ವಾಲ್ವೇ ತೆಗ್ದಾಕವ್ರೆ. ಇಂಜಿನ್ನು ಸರ್ಯಾಗ್ ಬಿಸೀನೇ ಆಯ್ತಿಲ್ಲ.’

ಆಗ ನೆನಪಾಯಿತು. ಹಿಂದಿನ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ವಾಹನಗಳ ಸಾಲಿನಲ್ಲಿ ಸಿಕ್ಕಿ ಕಾರು ಕುದಿದಿತ್ತು. ದಾರಿಯಲ್ಲಿ ಸಿಕ್ಕ ಗ್ಯಾರೇಜಿನವರು ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ವಾಲ್ವ್ ಬೇಡವೆಂದು ಕಿತ್ತುಹಾಕಿದ್ದರು. ನಮ್ಮ ಕಡೆ ಇದು ಸಾಮಾನ್ಯ. ಆ ವಾಲ್ವಿನೊಳಗಿನ ಮೇಣ ಸುಮಾರು 82 ಡಿಗ್ರಿಗೆ ಹಿಗ್ಗಿ ಬಾಗಿಲು ತೆರೆದ ಮೇಲಷ್ಟೇ ನೀರು ರೇಡಿಯೇಟರಿಗೆ ಹೋಗಬೇಕು. ಬಾಗಿಲೇ ಇಲ್ಲದಿದ್ದರೆ ನೀರು ಸದಾ ತಣಿಯುತ್ತಿರುತ್ತದೆ. ನೀರಿನ ಬಿಸಿ ಅಳೆಯುವ ಸೆನ್ಸರ್ ‘ಇಂಜಿನ್ ಇನ್ನೂ ತಣ್ಣಗಿದೆ’ ಎಂದು ಕಂಪ್ಯೂಟರಿಗೆ ತಿಳಿಸುತ್ತದೆ, ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ಹಳೇ ಕಾರ್ಬುರೇಟರ್ ಗಾಡಿಯಲ್ಲಿ ಚೋಕ್ ಎಳೆದು ದಿನವಿಡೀ ಓಡಿಸಿದ ಹಾಗೆ. (ಆ ಗಾಡಿಗಳಲ್ಲಾದರೆ ಮೊದಲು ನೋಡಬೇಕಾದ್ದು ಅಂಟಿಕೊಂಡ ಚೋಕ್, ಸವೆದ ನೀಡಲ್ ವಾಲ್ವ್.) ಚಳಿ ಹೆಚ್ಚಿದಂತೆ ಮೈಲೇಜು ಇಳಿದದ್ದನ್ನು ನನ್ನ ಡೈರಿ ಮೊದಲೇ ತೋರಿಸುತ್ತಿತ್ತು. ನಾನು ಅಂಕಿಗಳನ್ನಷ್ಟೇ ಬರೆದೆ, ತಿಂಗಳುಗಳ ಕಡೆ ನೋಡಲಿಲ್ಲ.

ಹೊಸ ವಾಲ್ವ್, ಗ್ಯಾಸ್ಕೆಟ್, ಕೂಲೆಂಟ್, ಕೂಲಿ ಸೇರಿ 1,350 ರೂಪಾಯಿ. ಅಂದು ಕಾರು ಕುದಿಯಲು ನಿಜವಾದ ಕಾರಣ ರೇಡಿಯೇಟರ್ ಫ್ಯಾನಿನ ಮೋಟರು, ಅದಕ್ಕೆ 1,600. ಹತ್ತು ತಿಂಗಳಲ್ಲಿ ವ್ಯರ್ಥವಾಗಿ ಉರಿದದ್ದು 50 ಲೀಟರಿಗೂ ಹೆಚ್ಚು. ಬೇಡದ ರಿಪೇರಿಗೆ ಕೊಟ್ಟ 5,150 ಸೇರಿಸಿದರೆ ಹತ್ತು ಸಾವಿರ ದಾಟುತ್ತದೆ. ಇನ್ನೊಂದು ವರ್ಷ ಹೀಗೇ ಓಡಿಸಿದ್ದರೆ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆ ತೊಳೆದು ರಿಂಗ್ ಸವೆಸುತ್ತಿತ್ತು. ಆ ರಿಪೇರಿ ನನ್ನ ಕಾರಿನ ಬೆಲೆಗೆ ತಾಳುವಂಥದ್ದಲ್ಲ.

ನೋಡಿದ್ದಕ್ಕೆ ಎಷ್ಟು ಕೊಡಲಿ ಎಂದು ಆ ಹಿರಿಯರನ್ನು ಕೇಳಿದಾಗ ಸಂಕೋಚಪಟ್ಟರು. ಸಾಮಾನಿಗೆ ಹಣ ಕೇಳಿದರೆ ಯಾರೂ ಮಾತಾಡುವುದಿಲ್ಲವಂತೆ, ಒಂದು ಗಂಟೆ ತಲೆ ಓಡಿಸಿದ್ದಕ್ಕೆ 200 ಕೇಳಿದರೆ ಚೌಕಾಸಿಗೆ ನಿಲ್ಲುತ್ತಾರಂತೆ. ಕಾರಣ ಹುಡುಕುವ ಕೆಲಸಕ್ಕೆ ನಾವು ಕೂಲಿ ಕೊಡದಿದ್ದರೆ ಮೆಕ್ಯಾನಿಕ್ ಸಾಮಾನು ಮಾರಿಯೇ ಬದುಕಬೇಕಾಗುತ್ತದೆ, ಆ ಸಾಮಾನು ಬೇಕಿರಲಿ ಬೇಡವಾಗಿರಲಿ. ನಾನು 500 ಕೊಟ್ಟೆ. ಆ ವರ್ಷ ಕಾರಿಗೆ ಮಾಡಿದ ಖರ್ಚಿನಲ್ಲಿ ಅಷ್ಟು ಸಾರ್ಥಕವಾದದ್ದು ಬೇರೊಂದಿಲ್ಲ.

ಕಳೆದ ತಿಂಗಳ ಡೈರಿಯಲ್ಲಿ ಲೀಟರಿಗೆ 16.7 ಎಂದಿದೆ. ಎಮಿಷನ್ ಚೀಟಿಯಲ್ಲಿ ಶೇ 0.3.