ನಾಟಿ ಯಾವಾಗ ಮಾಡೀರಿ?

ಐನಾಪುರದಲ್ಲಿ ಹೊಸದಾಗಿ ಅಂಗಡಿ ತೆರೆಯುವವರು ಯಾರಾದರೂ ಲೆಕ್ಕ ಹೇಳಿಕೊಡಿ ಎಂದು ಬಂದರೆ, ಪುಸ್ತಕ ಬಿಚ್ಚುವ ಮೊದಲು ಅವರಿಗೆ ಒಂದು ಪ್ರಶ್ನೆ ಕಲಿಸುತ್ತೇನೆ. ಉದ್ರಿ ಕೇಳಿದ ರೈತನಿಗೆ ಅವರು ಕೇಳಬೇಕಾದ ಪ್ರಶ್ನೆ ಅದು: ‘ನಾಟಿ ಯಾವಾಗ ಮಾಡೀರಿ?’ ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಎರಡು ಶಬ್ದ.

ನಿಮಗೆ ಬೇರೆಯವರಿಂದ ಬರಬೇಕಾದ ಹಣ ಬರಬಾಕಿ. ನೀವು ಬೇರೆಯವರಿಗೆ ಕೊಡಬೇಕಾದದ್ದು ಕೊಡಬಾಕಿ. ಹಳೆಯ ವ್ಯಾಪಾರಿಗಳು ದಿನದ ವ್ಯವಹಾರವನ್ನು ಕಿರ್ದಿಯಲ್ಲಿ ಬರೆದು, ಆಮೇಲೆ ಒಬ್ಬೊಬ್ಬರ ಹೆಸರಿಗೆ ಖಾತೆಗೆ ಏರಿಸುತ್ತಿದ್ದರು. ಈಗ ಮೊಬೈಲ್ ಆ್ಯಪ್ ಬಂದಿದೆ, ಕೆಲಸ ಅದೇ. ಬರಬಾಕಿ, ಕೊಡಬಾಕಿಗಳ ನಡುವೆ ಗಲ್ಲಾಪೆಟ್ಟಿಗೆಗೆ ಬರುವ, ಅದರಿಂದ ಹೋಗುವ ರೊಕ್ಕದ ಓಡಾಟವೇ ನಗದು ಹರಿವು. ಹೊಸಬರು ತಪ್ಪುವುದು ಶಬ್ದದಲ್ಲಲ್ಲ, ತಾರೀಖಿನಲ್ಲಿ.

ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಪೈಪು, ಪಂಪು, ಫಿಟಿಂಗ್ ಮಾರುವ ಅಂಗಡಿ. ಮೇ 5ಕ್ಕೆ ಸಾಂಗ್ಲಿಯ ಸಗಟು ವ್ಯಾಪಾರಿಯಿಂದ 2 ಲಕ್ಷ ರೂಪಾಯಿಯ ಪಿವಿಸಿ ಪೈಪು ಬಂತು. ಶೇ. 18ರ ಜಿಎಸ್‌ಟಿ ಸೇರಿ ಬಿಲ್ಲು 2,36,000. 30 ದಿನದ ವಾಯಿದೆ, ಅಂದರೆ ಜೂನ್ 4ಕ್ಕೆ ಕೊಡಬೇಕು. ಮೇ ಮುಗಿಯುವುದರೊಳಗೆ ಪೂರ್ತಿ ಮಾಲು ಖರ್ಚಾಯಿತು: 2,40,000ಕ್ಕೆ ಮಾರಾಟ, ಮೇಲೆ ತೆರಿಗೆ 43,200, ಒಟ್ಟು 2,83,200. ಲಾಭ 40,000. ಅಂಗಡಿಕಾರ ಖುಷಿಯಲ್ಲಿದ್ದಾನೆ.

ಈಗ ಗಲ್ಲಾಪೆಟ್ಟಿಗೆ ತೆರೆಯಿರಿ. ನಾಲ್ಕರಲ್ಲಿ ಒಂದು ಪಾಲು ಮಾತ್ರ ನಗದು, 70,800 ರೂಪಾಯಿ. ಉಳಿದ 2,12,400 ಉದ್ರಿ. ‘ಕಬ್ಬಿನ ಬಿಲ್ ಬಂದ ಮ್ಯಾಲೆ ಕೊಡ್ತೀನ್ರಿ.’ ಜೂನ್ 4 ಬಂತು. ಸಾಂಗ್ಲಿಗೆ ಕೊಡಲು 1,65,200 ಕಡಿಮೆ ಬಿತ್ತು. ತಿಂಗಳವಾರು ರಿಟರ್ನ್ ಹಾಕುವವನಾದರೆ ಜೂನ್ 20ರೊಳಗೆ ಜಿಎಸ್‌ಟಿಯ ವ್ಯತ್ಯಾಸ 7,200 ಬೇರೆ ಕಟ್ಟಬೇಕು. ಗಿರಾಕಿ ಕೊಟ್ಟನೋ ಇಲ್ಲವೋ ಸರಕಾರ ಕೇಳುವುದಿಲ್ಲ. ಬಿಲ್ಲು ಹರಿದರೆ ತೆರಿಗೆ ಹುಟ್ಟಿತು.

ಆ 1,65,200ನ್ನು ವರ್ಷಕ್ಕೆ ಶೇ. 12ರಂತೆ ಬ್ಯಾಂಕಿನ ಓವರ್‌ಡ್ರಾಫ್ಟ್‌ನಿಂದ ತಂದನೆನ್ನಿ. ತಿಂಗಳಿಗೆ 1,652 ರೂಪಾಯಿ ಬಡ್ಡಿ. ಜನವರಿ ಆರಂಭದವರೆಗೆ ಏಳು ತಿಂಗಳಿಗೆ 11,564. ಬ್ಯಾಂಕಿನ ಮಿತಿ ಮಾಡಿಸಿಟ್ಟುಕೊಳ್ಳದೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯ ಕೈಬಡ್ಡಿಗೆ ಹೋದರೆ? 34,692. ನಲವತ್ತು ಸಾವಿರದ ಲಾಭದಲ್ಲಿ ಉಳಿದದ್ದು ಐದು ಸಾವಿರದ ಚಿಲ್ಲರೆ. ಬಾಡಿಗೆ, ಹುಡುಗನ ಪಗಾರ ಇನ್ನೂ ತೆಗೆದಿಲ್ಲ. ಯಾರೂ ಮೋಸ ಮಾಡಿಲ್ಲ, ಯಾರೂ ಹಣ ಮುಳುಗಿಸಿಲ್ಲ. ಎಲ್ಲರೂ ಮಾತಿನಂತೆ ಕೊಟ್ಟರೂ ಗತಿ ಇದು.

ಜನವರಿ ಯಾಕೆ? ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ಸೀಮೆಯ ರೊಕ್ಕದ ಕ್ಯಾಲೆಂಡರ್ ಸಕ್ಕರೆ ಕಾರ್ಖಾನೆಯದು. ಉಗಾರ, ಕೆಂಪವಾಡದ ಕಡೆಯ ಕಾರ್ಖಾನೆಗಳು ಹೆಚ್ಚುಕಡಿಮೆ ಅಕ್ಟೋಬರ್ ಕೊನೆ, ನವೆಂಬರಿನಲ್ಲಿ ನುರಿಸಲು ಶುರು ಮಾಡುತ್ತವೆ. ಕಟಾವಿನ ಪಾಳಿ ಬರಬೇಕು, ಗ್ಯಾಂಗ್ ಸಿಗಬೇಕು, ಟ್ರ್ಯಾಕ್ಟರ್ ತೂಕದ ಕಾಟಾ ದಾಟಬೇಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ. ರೈತರೇ ಇದನ್ನು ಓದುತ್ತಿದ್ದರೆ ಗಮನಿಸಿ: ನಿಮ್ಮ ಕಬ್ಬಿನ ಬಿಲ್ಲು ನಿಮ್ಮ ಬರಬಾಕಿ. 1,20,000 ರೂಪಾಯಿ ಒಂದು ತಿಂಗಳು ತಡವಾದರೆ ಆ ದರದಲ್ಲಿ ಸುಮಾರು 1,480 ರೂಪಾಯಿ ನಿಮ್ಮದು. ಪೈಪಿನ ಅಂಗಡಿಯವ ಬಡ್ಡಿ ಕೇಳಿದಾಗ ಸಿಟ್ಟಾಗುವ ನಾವು ಈ ಬಡ್ಡಿಯನ್ನು ಕೇಳುವುದು ಅಪರೂಪ.

ಈಗ ನಾಟಿಯ ಪ್ರಶ್ನೆಗೆ ಬರೋಣ. ಲೆಕ್ಕದ ಪುಸ್ತಕಗಳು ಬರಬಾಕಿಯನ್ನು 30 ದಿನದ್ದು, 60 ದಿನದ್ದು, 90 ದಿನದ್ದು ಎಂದು ವಯಸ್ಸಿನ ಪ್ರಕಾರ ವಿಂಗಡಿಸಿ ಎನ್ನುತ್ತವೆ. ಬೆಂಗಳೂರಿನ ಅಂಗಡಿಗೆ ಸರಿ. ಇಲ್ಲಿ ಬಾಕಿಯ ವಯಸ್ಸು ಹೊಲದಲ್ಲಿ ನಿಂತಿರುತ್ತದೆ. ಮೇ ತಿಂಗಳಲ್ಲಿ ಇಬ್ಬರು ರೈತರು ತಲಾ 20,000 ರೂಪಾಯಿಯ ಪೈಪು ಒಯ್ದರು. ಒಬ್ಬನದು ಕೂಳೆ ಕಬ್ಬು, ಬರುವ ಡಿಸೆಂಬರಿನಲ್ಲಿ ಕಟಾವು. ಇನ್ನೊಬ್ಬ ಜುಲೈಯಲ್ಲಿ ಅಡಸಾಲಿ ಹಚ್ಚುವವನು. ಅಡಸಾಲಿ ಒಂದೂವರೆ ವರ್ಷದ ಬೆಳೆ, ಅವನ ಬಿಲ್ಲು ಮುಂದಿನ ವರ್ಷದ ಡಿಸೆಂಬರಿಗೆ. ‘ಬಿಲ್ ಬಂದ ಮ್ಯಾಲೆ’ ಎಂಬ ಒಂದೇ ಮಾತು ಒಬ್ಬನ ಬಾಯಲ್ಲಿ ಏಳು ತಿಂಗಳು, ಇನ್ನೊಬ್ಬನ ಬಾಯಲ್ಲಿ ಹತ್ತೊಂಬತ್ತು ತಿಂಗಳು. ಆ ಹತ್ತೊಂಬತ್ತು ತಿಂಗಳಿಗೆ ಬ್ಯಾಂಕಿನ ಬಡ್ಡಿಯೇ 3,800 ಆಗುತ್ತದೆ. ಇಬ್ಬರಿಗೂ ಒಂದೇ ದರ ಹೇಳುವ ಅಂಗಡಿಕಾರ ಎರಡನೆಯವನಿಗೆ ಸುಮ್ಮನೆ ದಾನ ಮಾಡುತ್ತಿದ್ದಾನೆ. ಮಾಡಬಾರದೆಂದಲ್ಲ, ಗೊತ್ತಿದ್ದು ಮಾಡಲಿ.

ಆದ್ದರಿಂದ ಉದ್ರಿ ವಹಿಯಲ್ಲಿ ಹೆಸರು, ಮೊತ್ತದ ಪಕ್ಕ ಇನ್ನೂ ಮೂರು ಮನೆ ಗೆರೆ ಹಾಕಿ: ನಾಟಿಯೋ ಕೂಳೆಯೋ, ಯಾವ ತಿಂಗಳದ್ದು, ಯಾವ ಕಾರ್ಖಾನೆಗೆ ಹೋಗುತ್ತದೆ. ಉದ್ರಿಯೆಲ್ಲ ಒಂದೇ ಕಾರ್ಖಾನೆಯ ಬಿಲ್ಲಿನ ಮೇಲೆ ನಿಂತಿದ್ದರೆ ಅದೂ ಆತಂಕದ ವಿಷಯವೇ. ನದಿ ದಂಡೆಯ ಹೊಲವಾದರೆ ಹಾಗೆಂದು ಬರೆಯಿರಿ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಕಬ್ಬಿನ ಜೊತೆ ಎಷ್ಟೋ ಅಂಗಡಿಗಳ ಬರಬಾಕಿಯೂ ನೀರಲ್ಲಿ ನಿಂತಿತ್ತು.

ಮತ್ತೊಂದು, ಸಹಿ. 1963ರ ಕಾಲಮಿತಿ ಕಾಯ್ದೆಯಂತೆ, ವಾಯಿದೆ ಗೊತ್ತುಮಾಡದೆ ಉದ್ರಿ ಕೊಟ್ಟ ಮಾಲಿನ ಹಣಕ್ಕೆ ಮಾಲು ಕೊಟ್ಟ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಅಷ್ಟರೊಳಗೆ ‘ಇಷ್ಟು ಬಾಕಿ ಇದೆ’ ಎಂದು ಬರೆದು ಸಾಲಗಾರ ಸಹಿ ಮಾಡಿದರೆ ಆ ದಿನದಿಂದ ಹೊಸದಾಗಿ ಮೂರು ವರ್ಷ. ದೀಪಾವಳಿಯ ಪಾಡ್ಯಕ್ಕೆ ಹೊಸ ವಹಿ ಪೂಜೆ ಮಾಡುತ್ತೀರಲ್ಲ, ಹಿಂದಿನ ಬಾಕಿಯನ್ನು ಹೊಸ ಪುಟಕ್ಕೆ ಎಳೆದು ಗಿರಾಕಿಯ ಸಹಿ ತೆಗೆದುಕೊಳ್ಳಲು ಅದಕ್ಕಿಂತ ಒಳ್ಳೆಯ ನೆಪ ಬೇಡ. ಕೋರ್ಟಿಗೆ ಹೋಗುವ ಮಾತಲ್ಲ ಇದು. ಸಹಿ ಮಾಡಿದವನಿಗೆ ಮೊತ್ತ ನೆನಪಿರುತ್ತದೆ, ಅಷ್ಟು ಸಾಕು.

ಕೊಡಬಾಕಿಯ ಬಗ್ಗೆ ಹೇಳುವುದು ಕಡಿಮೆ. ‘ಆದಷ್ಟು ತಡಮಾಡಿ ಕೊಡು’ ಎಂಬ ಬುದ್ಧಿವಾದ ಅರ್ಧ ಸತ್ಯ. ಸಾಂಗ್ಲಿಯವನು ಏಳು ದಿನದೊಳಗೆ ಕೊಟ್ಟರೆ ಶೇ. 2 ಬಿಡುತ್ತೇನೆ ಎಂದರೆ 2,36,000ದ ಬಿಲ್ಲಿನಲ್ಲಿ 4,720 ಉಳಿಯಿತು. ಅದಕ್ಕಾಗಿ 23 ದಿನ ಮುಂಚೆ ಓವರ್‌ಡ್ರಾಫ್ಟ್‌ನಿಂದ ಹಣ ತಂದರೆ ಬಡ್ಡಿ 1,750ರ ಆಸುಪಾಸು. ಬಿಡಬೇಡಿ. ಇನ್ನೊಂದು ಗಡುವು ಬಹಳ ಜನರಿಗೆ ಗೊತ್ತಿಲ್ಲ: ಬಿಲ್ಲಿನ ದಿನದಿಂದ 180 ದಿನದೊಳಗೆ ಮಾರಿದವನಿಗೆ ಹಣ ಕೊಡದಿದ್ದರೆ, ಆ ಬಿಲ್ಲಿನ ಮೇಲೆ ನೀವು ಪಡೆದ ಜಿಎಸ್‌ಟಿ ಜಮೆಯನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ಮೇ 5ರ ಬಿಲ್ಲಿಗೆ ಅದು ನವೆಂಬರ್ 1ಕ್ಕೆ ಮುಗಿಯುತ್ತದೆ. ಅಷ್ಟೊತ್ತಿಗೆ ಕಬ್ಬಿನ ಗಾಡಿ ಹೊಲದ ಬದು ದಾಟಿರುವುದೇ ಅನುಮಾನ. ವಾಯಿದೆ ಹೆಚ್ಚು ಬೇಕಿದ್ದರೆ ಮಾಲು ತರುವ ಮೊದಲೇ ಕೇಳಿ. ಜೂನ್ 4ರ ಬೆಳಿಗ್ಗೆ ಫೋನ್ ಎತ್ತದೆ ಕೂರುವವನಿಗೆ ಮುಂದಿನ ಸಲ ಮಾಲೂ ಸಿಗದು, ದರವೂ ಸಿಗದು.

ಇನ್ನು ಒಂದು ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ಮನೆ. ಪ್ರತಿ ಮನೆಯಲ್ಲಿ ಆರಂಭದ ಶಿಲ್ಕು, ಬರುವುದು, ಹೋಗುವುದು, ಉಳಿಯುವ ಶಿಲ್ಕು. ಬರುವ ಹಣವನ್ನು ಮಾರಿದ ತಿಂಗಳಲ್ಲಿ ಬರೆಯಬೇಡಿ, ಕೈಗೆ ಬರುವ ತಿಂಗಳಲ್ಲಿ ಬರೆಯಿರಿ. ಐನಾಪುರದ ಅಂಗಡಿಯ ಹಾಳೆಯಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಶಿಲ್ಕಿನ ಸಾಲು ಕೆಂಪಾಗುವುದು ಸಹಜ, ಗಾಬರಿ ಬೇಡ. ಅತಿ ಕೆಂಪಾದ ತಿಂಗಳ ಮೊತ್ತ ಎಷ್ಟೋ ಅಷ್ಟು ಮಿತಿಯನ್ನು ಮಾರ್ಚ್‌ನಲ್ಲಿ, ನಿಮ್ಮ ಖಾತೆ ತುಂಬಿರುವಾಗಲೇ, ಬ್ಯಾಂಕಿನಲ್ಲಿ ಕೇಳಿ. ಆಗಸ್ಟಿನಲ್ಲಿ ಬರಿಗೈಲಿ ಹೋದರೆ ಮ್ಯಾನೇಜರ್ ಚಹಾ ಕೊಟ್ಟು ಕಳಿಸುತ್ತಾರೆ.