ಕಿಟ್‌ ಬೆಲೆಗಿಂತ ಮೊದಲು ಗಾಡಿಯ ಓಟ ನೋಡಿ

ದಾವಣಗೆರೆಯ ನಮ್ಮ ಮಂಡಕ್ಕಿ ವ್ಯಾಪಾರದ ಡೀಸೆಲ್ ಗೂಡ್ಸ್ ಆಟೊದ ಎಂಜಿನ್ ಇಳಿಸಿ ಮೋಟರ್, ಬ್ಯಾಟರಿಯ ಎಲೆಕ್ಟ್ರಿಕ್ ಕಿಟ್ ಕೂರಿಸಿದ ಮೇಲೆ ಮಂಡಿಯವರು ಕೇಳುವುದು ಒಂದೇ: ‘ತಿಂಗಳಿಗೆ ಎಷ್ಟು ಉಳಿಯುತ್ತಣ್ಣ?’ ನಾನು ತಿರುಗಿ ಕೇಳುತ್ತೇನೆ: ‘ನಿಮ್ಮ ಗಾಡಿ ದಿನಕ್ಕೆ ಎಷ್ಟು ಓಡುತ್ತೆ?’

ಲೆಕ್ಕಕ್ಕೆ ಹೀಗೆ ಹಿಡಿಯೋಣ. ಡೀಸೆಲ್ ಲೀಟರಿಗೆ 90 ರೂಪಾಯಿ, ಮೈಲೇಜು 25 ಕಿ.ಮೀ. ಆದರೆ ಕಿ.ಮೀ.ಗೆ 3.60 ರೂಪಾಯಿ ಖರ್ಚು. ಕರೆಂಟು ಯೂನಿಟ್ಟಿಗೆ 8 ರೂಪಾಯಿ, ಯೂನಿಟ್ಟಿಗೆ 8 ಕಿ.ಮೀ. ಓಡಿದರೆ 1 ರೂಪಾಯಿ. ಉಳಿಯುವುದು 2.60. ದಿನಕ್ಕೆ 60 ಕಿ.ಮೀ.ನಂತೆ ತಿಂಗಳಲ್ಲಿ 25 ದಿನ ಓಡಿದರೆ 3,900 ರೂಪಾಯಿ. ಕಿಟ್‌ಗೆಂದು 2.25 ಲಕ್ಷ ರೂಪಾಯಿಯನ್ನು ಶೇ 12ರ ಬಡ್ಡಿಗೆ 5 ವರ್ಷಕ್ಕೆ ಸಾಲ ಎತ್ತಿದರೆ ಕಂತು ಸುಮಾರು 5,000. ತಿಂಗಳಿಗೆ 1,100 ಕೈಯಿಂದ ಹೋಗುತ್ತದೆ. ಅದೇ ಗಾಡಿ ದಿನಕ್ಕೆ 80 ಕಿ.ಮೀ. ಓಡಿದರೆ ಉಳಿತಾಯ 5,200. ಕಂತು ಅದರಲ್ಲೇ ತೀರುತ್ತದೆ. ಆಯಿಲ್, ಫಿಲ್ಟರ್ ಖರ್ಚು ತಪ್ಪುವುದು ಮೇಲಿನ ಲಾಭ.

ನಮ್ಮ ಗಾಡಿ ಬೆಳಿಗ್ಗೆ ಭಟ್ಟಿಯಿಂದ ಹರಿಹರದ ಅಂಗಡಿಗಳಿಗೆ ಹೋಗಿಬಂದು, ಮಧ್ಯಾಹ್ನ ಊಟದ ಹೊತ್ತಿಗೆ ಚಾರ್ಜಿಗೆ ನಿಂತು, ಮತ್ತೆ ಊರೊಳಗಿನ ಲೈನಿಗೆ ಹೊರಡುತ್ತದೆ. ದಾರಿ ಗೊತ್ತಿದ್ದದ್ದು, ಓಟ ದಿನವೂ ಹೆಚ್ಚುಕಡಿಮೆ ಅಷ್ಟೇ. ಸರಕೂ ನಮಗೆ ಅನುಕೂಲದ್ದು. ಮಂಡಕ್ಕಿ ಚೀಲ ಕ್ಯಾಬಿನ್ನಿಗಿಂತ ಎತ್ತರಕ್ಕೆ ಪೇರಿಸಿ ಹಗ್ಗ ಬಿಗಿದರೂ ತೂಕ ಏರುವುದಿಲ್ಲ. ಸಿಮೆಂಟು, ಅಕ್ಕಿ ಹೊರುವವರ ಮಾತೇ ಬೇರೆ: ಬ್ಯಾಟರಿ ತೂಗಿದಷ್ಟೂ ಹೇರು ಇಳಿಸಬೇಕು, ಬಾಡಿಗೆಯೂ ಇಳಿಯುತ್ತದೆ.

ದಾಖಲೆಯ ವಿಷಯದಲ್ಲಿ ರಾಜಿ ಬೇಡ. ಕಿಟ್‌ಗೆ ಪುಣೆಯ ಎಆರ್‌ಎಐ ಇಲ್ಲವೇ ಮಾನೇಸರದ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಯ ಅನುಮೋದನೆ ಇರಬೇಕು, ಅದು ನಿಮ್ಮ ಮಾಡೆಲ್ಲಿಗೇ ಅನ್ವಯಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಮಾರ್ಪಾಡು ಆರ್‌.ಸಿ.ಯಲ್ಲಿ ದಾಖಲಾಗಬೇಕು. ವಿಮಾ ಕಂಪನಿಗೂ ತಿಳಿಸಿ. ಆರ್‌.ಸಿ.ಯಲ್ಲಿ ಡೀಸೆಲ್, ಗಾಡಿಯಲ್ಲಿ ಬ್ಯಾಟರಿ ಎಂದಾದರೆ ಅಪಘಾತದ ದಿನ ಕ್ಲೇಮು ಸಿಗುವುದು ಕಷ್ಟ.

ಇನ್ನೊಂದು, ಚಾಸಿ. ಐದು ವರ್ಷದ ಕಂತನ್ನು ಎರಡು ವರ್ಷ ಬಾಳುವ ಬಾಡಿಯ ಮೇಲೆ ಹೇರಬೇಡಿ. ತುಕ್ಕು ಹಿಡಿದ ಗಾಡಿ ಮಾರಿ ಹೊಸ ಎಲೆಕ್ಟ್ರಿಕ್ ಗಾಡಿಯ ದರ ವಿಚಾರಿಸುವುದೇ ಲೇಸು.

ಕೊಟೇಶನ್ ತರಿಸುವ ಮೊದಲು ಒಂದು ತಿಂಗಳು ರಾತ್ರಿ ಮೀಟರ್ ನೋಡಿ ಬರೆದಿಡಿ. ನಿಮ್ಮ ಕಿ.ಮೀ. ಉಳಿತಾಯ ಕಂತನ್ನು ದಾಟಿದರೆ ಧೈರ್ಯವಾಗಿ ಮುಂದುವರಿಯಿರಿ. ದಾಟದಿದ್ದರೆ ಡೀಸೆಲ್ ಗಾಡಿಯನ್ನೇ ಚೆನ್ನಾಗಿಟ್ಟುಕೊಂಡು ಕಂತಿಗೆ ಕೈಯಿಂದ ಹೋಗಬೇಕಿದ್ದ ದುಡ್ಡನ್ನು ಆರ್‌.ಡಿ.ಗೆ ಕಟ್ಟಿ.